ಮೊಳಕೆ ಕಟ್ಟಿ ನೋಡದ ಬೀಜ

2023ರ ದೀಪಾವಳಿ ಕಳೆದು ವಾರ ತುಂಬಿರಲಿಲ್ಲ. ಗುಮಟಾಪುರದ ಗೊರೆ ಹಬ್ಬದಲ್ಲಿ ಸಗಣಿ ಎರಚಾಡಿ ಬಂದ ಹುಡುಗರ ಅಂಗಿಗಳು ನಮ್ಮ ಪಣಕಹಳ್ಳಿಯ ಹಿತ್ತಿಲುಗಳಲ್ಲಿ ಇನ್ನೂ ಒಣಗುತ್ತಿದ್ದವು. ರಾಗಿ ತೆನೆ ಬಲಿತಿತ್ತು. ಆನೆ ಕಾಯಲು ಅಪ್ಪ ಹೊಲದ ಅಟ್ಟಣೆಗೆ ಹೋಗಿದ್ದ. ಮನೆಯಲ್ಲಿ ನಾನೊಬ್ಬನೇ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ನಾಲ್ಕು ವರ್ಷದಿಂದ ಜನ ನನ್ನನ್ನು ನಂಬಿ ತುಂಬಿಸಿದ್ದ ಡೇಟಾಬೇಸನ್ನು ಆ ರಾತ್ರಿ ಕೈಯಾರೆ ಅಳಿಸಿಬಿಟ್ಟೆ.

ಅಳಿಸಿದ್ದು ತಪ್ಪು, ಆದರೆ ಅಂಥ ತಪ್ಪು ಯಾರ ಕೈಯಲ್ಲಾದರೂ ಆದೀತು. ನನ್ನನ್ನು ಇವತ್ತಿಗೂ ಕಾಡುವುದು ಅದರ ನಂತರದ ಗಳಿಗೆ. ಬ್ಯಾಕಪ್ ಇದೆಯಲ್ಲ ಎಂಬ ಧೈರ್ಯದಲ್ಲಿ ಆ ಫೋಲ್ಡರ್ ತೆರೆದೆ. ಮೂವತ್ತು ದಿನದ ಮೂವತ್ತು ಫೈಲುಗಳು ತಾರೀಖಿನ ಹೆಸರು ಹೊತ್ತು ಸಾಲಾಗಿ ನಿಂತಿದ್ದವು. ಒಂದೊಂದರ ಗಾತ್ರವೂ 20 ಬೈಟ್. ಕನ್ನಡದಲ್ಲಿ ಏಳು ಅಕ್ಷರ ಹಿಡಿಸದಷ್ಟು ಜಾಗ.

ಪಣಕಹಳ್ಳಿ ಇರುವುದು ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ ದಾಟಿ, ಸತ್ಯಮಂಗಲದ ಮೇಲೆ ಹೋಗಬೇಕು. ಚಾಮರಾಜನಗರ ಅದಕ್ಕಿಂತ ಎಷ್ಟೋ ಹತ್ತಿರ. 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಪಕ್ಕದ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ರಾಜ್‌ಕುಮಾರ್ ಅವರ ಗಾಜನೂರು ನಮ್ಮ ತಾಲ್ಲೂಕಿನದೇ. ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು. ಈ ಎರಡರ ನಡುವೆ ಕೆಲವು ಮಾತುಗಳು ಸದ್ದಿಲ್ಲದೆ ಉದುರಿಹೋಗುತ್ತಿವೆ. ಹಗೇವು (ಕಾಳು ತುಂಬಿಡುವ ನೆಲಗುಳಿ), ರೋಣಗಲ್ಲು (ತೆನೆ ಒಕ್ಕುವ ಉರುಳುಗಲ್ಲು), ಅಕ್ಕಡಿ ಸಾಲು (ಮುಖ್ಯ ಬೆಳೆಯ ನಡುವೆ ಬಿತ್ತುವ ಬೇರೆ ಬೆಳೆಯ ಸಾಲು) ಎಂದರೆ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಮುಖ ನೋಡುತ್ತಾರೆ.

ನನಗೆ ಅಕ್ಷರ ಕಲಿಸಿದ ಮೇಷ್ಟ್ರೊಬ್ಬರು ನಿವೃತ್ತರಾದ ಮೇಲೆ ಈ ಮಾತುಗಳನ್ನು ಕೂಡಿಹಾಕಲು ತೊಡಗಿದರು. ಊರೂರು ತಿರುಗಿ, ಮುದುಕಿಯರ ಪಕ್ಕ ಜಗಲಿಯ ಮೇಲೆ ಕೂತು, ಒಂದೊಂದು ಪದಕ್ಕೂ ಅರ್ಥ, ಹೇಳಿದವರ ಊರು, ಬಳಸುವ ಒಂದು ವಾಕ್ಯ ಬರೆದುಕೊಳ್ಳುತ್ತಿದ್ದರು. ಕೊಯಮತ್ತೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದ ನಾನು 2019ರಲ್ಲಿ ಅದಕ್ಕೊಂದು ವೆಬ್‌ಸೈಟ್ ಕಟ್ಟಿಕೊಟ್ಟೆ. ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ಇಲ್ಲೇ ಉಳಿದೆ. ಬಾಡಿಗೆಗೆ ಒಂದು ಸರ್ವರ್ ಹಿಡಿದು ಅಂಗಡಿ, ತೋಟ, ಸಂಘಗಳ ಮೂವತ್ತು ಚಿಲ್ಲರೆ ವೆಬ್‌ಸೈಟುಗಳನ್ನು ನಡೆಸುತ್ತಿದ್ದೆ. ಮೇಷ್ಟ್ರ ಪದಗಳೂ ಅಲ್ಲೇ ಇದ್ದವು. 2023ರ ಹೊತ್ತಿಗೆ ಮೂರು ಸಾವಿರದ ಇನ್ನೂರು ದಾಟಿದ್ದವು.

ಮೊದಮೊದಲು ಮೇಷ್ಟ್ರು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಆಮೇಲೆ ಟೈಪ್ ಮಾಡುತ್ತಿದ್ದರು. ಎರಡು ಸಲದ ಕೆಲಸ, ವಯಸ್ಸಾದ ಕಣ್ಣು. 2023ರ ಜೂನ್‌ನಲ್ಲಿ ನಾನೇ ಹೇಳಿದೆ: “ಇನ್ನು ನೋಟ್‌ಬುಕ್ ಯಾಕೆ ಮೇಷ್ಟ್ರೇ? ನೇರ ಫೋನಿನಲ್ಲೇ ಹಾಕಿ. ದಿನಾ ರಾತ್ರಿ ಎರಡು ಗಂಟೆಗೆ ಬ್ಯಾಕಪ್ ಆಗುತ್ತೆ. ಏನೂ ಹೋಗಲ್ಲ.” ಅವರು ಸ್ವಲ್ಪ ಯೋಚಿಸಿ, “ನೀನು ಹೇಳಿದ ಮೇಲೆ ಸರಿ ಕಣಪ್ಪ” ಎಂದು ನೋಟ್‌ಬುಕ್ ಎತ್ತಿಟ್ಟರು. ನಾನು ಕೊಟ್ಟ ಮಾತು ಅವರ ಕೈಯಲ್ಲಿದ್ದ ಏಕೈಕ ಗಟ್ಟಿ ಪ್ರತಿಯನ್ನು ನಿಲ್ಲಿಸಿತು.

ಆ ರಾತ್ರಿ ಮಾಡಲು ಹೊರಟಿದ್ದು ಸಣ್ಣ ಕೆಲಸ. ವೆಬ್‌ಸೈಟಿಗೆ ಹೊಸ ರೂಪ ಕೊಡಲು ಪದಗಳ ಡೇಟಾಬೇಸಿನಿಂದ ಕೆಲವೇ ಮಾದರಿ ಪದಗಳಿದ್ದ ಒಂದು ಪರೀಕ್ಷಾ ಪ್ರತಿ ಮಾಡಿಕೊಂಡಿದ್ದೆ. ಕೆಲಸ ಮುಗಿದಿತ್ತು, ಅದನ್ನು ತೆಗೆದುಹಾಕಬೇಕಿತ್ತು. ಎರಡರ ಹೆಸರೂ ಒಂದೇ. ಪರೀಕ್ಷಾ ಪ್ರತಿಯ ಕೊನೆಗೆ ಒಂದು ಅಂಕಿ ಹೆಚ್ಚು, ಅಷ್ಟೇ. ತೆರೆಯ ಮೇಲೆ ಒಂದೇ ಬಣ್ಣದ ಎರಡು ಕಪ್ಪು ಕಿಟಕಿಗಳು. ಡೇಟಾಬೇಸನ್ನು ಅಳಿಸುವ ಡ್ರಾಪ್ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಿದೆ. ಅರ್ಧ ಸೆಕೆಂಡೂ ಹಿಡಿಯಲಿಲ್ಲ. ಕಣ್ಣು ಹೆಸರಿನ ಮೇಲೆ ನಿಂತಿತು. ಕೊನೆಯ ಅಂಕಿ ಇರಲಿಲ್ಲ.

ಎದೆ ಡವಡವ ಅಂದರೂ ಕೈ ನಡುಗಲಿಲ್ಲ, ಬ್ಯಾಕಪ್ ಇತ್ತಲ್ಲ. ಫೋಲ್ಡರ್ ತೆರೆದ ಮೇಲೆ ಕೈಯೂ ನಡುಗಿತು.

ಆಗಿದ್ದೇನೆಂದು ತಿಳಿಯಲು ಒಂದು ಗಂಟೆ ಹಿಡಿಯಿತು. ಬ್ಯಾಕಪ್ಪಿಗೆ ನಾನು ಬರೆದಿದ್ದ ಸ್ಕ್ರಿಪ್ಟ್ ಎರಡು ಪ್ರೋಗ್ರಾಮುಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ಕಟ್ಟಿದಂತೆ ಜೋಡಿಸಿತ್ತು. ಮೊದಲನೆಯದು ಡೇಟಾಬೇಸನ್ನು ಓದಿ ಅಕ್ಷರರೂಪದಲ್ಲಿ ಸುರಿಯುವ ಮೈಎಸ್‌ಕ್ಯೂಎಲ್ ಡಂಪ್. ಎರಡನೆಯದು ಸುರಿದದ್ದನ್ನು ಅದುಮಿ ಚಿಕ್ಕದಾಗಿಸುವ ಜಿಜಿಪ್. ನಲವತ್ತೆರಡು ದಿನದ ಹಿಂದೆ ಭದ್ರತೆಗೆಂದು ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದ್ದೆ. ವೆಬ್‌ಸೈಟಿನಲ್ಲಿ ಹೊಸ ಪಾಸ್‌ವರ್ಡ್ ಹಾಕಿದ್ದೆ, ಸ್ಕ್ರಿಪ್ಟಿನಲ್ಲಿ ಮರೆತಿದ್ದೆ. ಅಂದಿನಿಂದ ಡಂಪಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಅದು ಬರಿಗೈಯಲ್ಲಿ ಹಿಂದಿರುಗುತ್ತಿತ್ತು. ಜಿಜಿಪ್ ಮಾತ್ರ ತನ್ನ ಕೆಲಸ ನಿಯತ್ತಾಗಿ ಮಾಡುತ್ತಿತ್ತು: ಏನೂ ಬರದಿದ್ದರೆ ಏನೂ ಇಲ್ಲದ್ದನ್ನೇ ಅದುಮಿ ಕಟ್ಟುತ್ತದೆ. ಆ ಖಾಲಿ ಗಂಟಿನ ತೂಕವೇ 20 ಬೈಟ್.

ಹೀಗೆ ಕಟ್ಟಿದ ಸಾಲಿನಲ್ಲಿ ಕೊನೆಯ ಪ್ರೋಗ್ರಾಮು ಗೆದ್ದರೆ ಇಡೀ ಸಾಲು ಗೆದ್ದಿತೆಂದೇ ಲಿನಕ್ಸ್ ಶೆಲ್ ಲೆಕ್ಕ ಹಾಕುತ್ತದೆ. ಮಧ್ಯದಲ್ಲಿ ಯಾರು ಸೋತರೂ ಸೋಲೆಂದು ಹೇಳು ಎಂದು ನಾವು ಬೇರೆಯಾಗಿ ತಿಳಿಸಬೇಕು. ಅದಕ್ಕೆ ಪೈಪ್‌ಫೇಲ್ ಎಂಬ ಒಂದು ಸಾಲಿನ ಸೂಚನೆ ಇದೆ. ನಾನು ಬರೆದಿರಲಿಲ್ಲ. ಮೂವತ್ತು ದಿನಕ್ಕಿಂತ ಹಳೆಯ ಫೈಲನ್ನು ತಾನಾಗಿ ಅಳಿಸುವ ಸೂಚನೆಯನ್ನು ಮಾತ್ರ ಜಾಗ ಉಳಿಸಲು ಮರೆಯದೆ ಬರೆದಿದ್ದೆ. ಹಾಗಾಗಿ ದಿನಕ್ಕೊಂದು ಖಾಲಿ ಫೈಲು ಹುಟ್ಟುತ್ತಾ, ದಿನಕ್ಕೊಂದು ಒಳ್ಳೆಯ ಫೈಲು ಅಳಿಯುತ್ತಾ ಬಂತು. ಮೂವತ್ತನೆಯ ದಿನ ಕೊನೆಯ ಒಳ್ಳೆಯ ಪ್ರತಿಯೂ ಹೋಯಿತು.

ಸರ್ವರ್ ಸುಮ್ಮನಿರಲಿಲ್ಲ. ದಿನದಿನ ಕೆಲಸ ನಡೆಸುವ ಕ್ರಾನ್, ತಪ್ಪಾದಾಗ ಅದೇ ಯಂತ್ರದೊಳಗಿನ ಅಂಚೆಪೆಟ್ಟಿಗೆಗೆ ಒಂದು ಸಂದೇಶ ಹಾಕುತ್ತದೆ. ಆ ರಾತ್ರಿ ಮೊದಲ ಸಲ ಆ ಪೆಟ್ಟಿಗೆ ತೆರೆದೆ. ಪ್ರವೇಶ ನಿರಾಕರಿಸಲಾಗಿದೆ ಎಂಬ ಸಂದೇಶ ನಲವತ್ತೆರಡು ಸಲ ಬಂದಿತ್ತು. ಒಂದನ್ನೂ ನಾನು ಓದಿರಲಿಲ್ಲ.

ಇನ್ನೂ ಮೂರು ದಾರಿಗಳಿದ್ದವು, ಮೂರನ್ನೂ ನಾನೇ ಮುಚ್ಚಿದ್ದೆ. ಡೇಟಾಬೇಸಿನಲ್ಲಿ ಆಗುವ ಒಂದೊಂದು ಬದಲಾವಣೆಯನ್ನೂ ದಾಖಲಿಸುವ ಬೈನರಿ ಲಾಗ್ ಎಂಬುದೊಂದಿದೆ. ಒಂದು ಒಳ್ಳೆಯ ಡಂಪಿನ ಮೇಲೆ ಅದನ್ನು ಮತ್ತೆ ಓಡಿಸಿದರೆ ಅಪಘಾತಕ್ಕೆ ಮೊದಲಿನ ನಿಮಿಷದವರೆಗೆ ಮರಳಬಹುದು. ಡಿಸ್ಕ್ ತುಂಬುತ್ತದೆಂದು ಅದನ್ನು ಹಚ್ಚಿರಲಿಲ್ಲ. ಸರ್ವರ್ ಕೊಟ್ಟವರು ಸ್ವಲ್ಪ ಹೆಚ್ಚು ಬಾಡಿಗೆಗೆ ಇಡೀ ಯಂತ್ರದ ಸ್ನ್ಯಾಪ್‌ಶಾಟ್ ಇಟ್ಟುಕೊಡುತ್ತೇವೆ ಎಂದಿದ್ದರು, ಬೇಡವೆಂದಿದ್ದೆ. ಕೊನೆಯದು, ಅಳಿಸಿದ ಕೂಡಲೆ ಯಂತ್ರವನ್ನು ನಿಲ್ಲಿಸಿದ್ದರೆ ಡಿಸ್ಕಿನಿಂದ ಏನಾದರೂ ಹೆಕ್ಕಬಹುದಿತ್ತೇನೋ. ಗಾಬರಿಯಲ್ಲಿ ಅದೇ ಡಿಸ್ಕಿನ ಮೇಲೆ ಒಂದರ ಮೇಲೊಂದು ಹೊಸ ಫೈಲು ಇಳಿಸುತ್ತಾ ಕೂತೆ. ಮಾಸುತ್ತಿದ್ದ ಹೆಜ್ಜೆಯ ಮೇಲೆ ನಾನೇ ಓಡಾಡಿದಂತಾಯಿತು.

ನಡುರಾತ್ರಿ ನೆನಪಾಯಿತು. ಮಾರ್ಚ್‌ನಲ್ಲಿ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ರೂಪ ವಿನ್ಯಾಸ ಮಾಡುವ ಸತ್ಯಮಂಗಲದ ಗೆಳೆಯನಿಗೆ ಕೊಟ್ಟಿದ್ದೆ. ಫೋನ್ ಮಾಡಿ ಎಬ್ಬಿಸಿದೆ. ಹುಡುಕಿ, “ಇದೆ” ಎಂದ. ಆದರೆ ಹುಲಿ ಸಂರಕ್ಷಿತ ಕಾಡಿನ ನಡುವಿನ ದಿಂಬಂ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿತ್ತು. ಬೆಳಗಾಗುವ ತನಕ ಕಾಯಬೇಕಾಯಿತು.

ಬೆಳಗಿನ ಜಾವ ಅಪ್ಪ ಹೊಲದಿಂದ ಬಂದ. ಕಂಬಳಿ ಕೊಡವಿ, ನನ್ನ ಮುಖ ನೋಡಿ, ಏನಾಯಿತೆಂದು ಕೇಳಿದ. ಹೇಳಿದೆ. ಅಪ್ಪನಿಗೆ ಕಂಪ್ಯೂಟರ್ ಗೊತ್ತಿಲ್ಲ. ಎಲ್ಲ ಕೇಳಿಸಿಕೊಂಡು, “ದಿನಾ ಎತ್ತಿಡ್ತಿದ್ದಿ ಅಂತೀಯ. ಸರಿ. ಒಂದು ಸಲನಾದ್ರೂ ಮೊಳ್ಕೆ ಕಟ್ಟಿ ನೋಡಿದ್ಯಾ ಮಗ?” ಎಂದ.

ನಮ್ಮಲ್ಲಿ ಬಿತ್ತನೆಯ ಬೀಜವನ್ನು ಒಣಗಿಸಿ, ಬೇವಿನ ಸೊಪ್ಪು ಹಾಕಿ ಎತ್ತಿಡುತ್ತಾರೆ. ಎತ್ತಿಟ್ಟದ್ದೆಲ್ಲ ಬೀಜವೆಂದು ಯಾರೂ ನಂಬುವುದಿಲ್ಲ. ಮಳೆಗೆ ಮುಂಚೆ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಕೆಲವು ದಿನ ಬಿಟ್ಟು ಬಿಚ್ಚಿ, ನೂರಕ್ಕೆ ಎಷ್ಟು ಮೊಳೆತಿವೆ ಎಂದು ಎಣಿಸುತ್ತಾರೆ. ಮೊಳೆಯದಿದ್ದರೆ ನೆಂಟರ ಮನೆಯಿಂದ ಬೀಜ ತರಲು ಇನ್ನೂ ದಿನವಿರುತ್ತದೆ. ಬಿತ್ತಿದ ಮೇಲೆ ತಿಳಿದರೆ ಆ ವರ್ಷದ ಊಟವೇ ಹೋಯಿತು. ಹುಟ್ಟಿದಾಗಿನಿಂದ ನೋಡಿದ ಈ ಕೆಲಸವನ್ನು ನನ್ನ ಕಸುಬಿನಲ್ಲಿ ಒಂದು ಸಲವೂ ಮಾಡಿರಲಿಲ್ಲ. ನಾಲ್ಕು ವರ್ಷದಲ್ಲಿ ಒಂದೇ ಒಂದು ಬ್ಯಾಕಪ್ಪನ್ನು ಬಿಚ್ಚಿ, ಬೇರೆ ಕಡೆ ಡೇಟಾಬೇಸಾಗಿ ಎಬ್ಬಿಸಿ ನೋಡಿರಲಿಲ್ಲ. ಅಪ್ಪನಿಗೆ ಉತ್ತರ ಕೊಡಲಾಗಲಿಲ್ಲ. ಮೊದಲ ಬಸ್ಸಿಗೆ ಹೊರಟೆ.

ಸತ್ಯಮಂಗಲದಲ್ಲಿ ಗೆಳೆಯನ ಮೇಜಿನ ಮೇಲೇ ಆ ಹಳೆಯ ಡಂಪನ್ನು ಹೊಸ ಡೇಟಾಬೇಸಿಗೆ ತುಂಬಿದೆ. ತಪ್ಪೇನೂ ತೋರಿಸದೆ ಮುಗಿಯಿತು. ಪುಟ ತೆರೆದರೆ ಒಂದು ಕನ್ನಡ ಅಕ್ಷರವಿಲ್ಲ. ತಲೆಯ ಮೇಲೆ ಗೆರೆ ಹೊತ್ತ ಒಂದು ರೋಮನ್ ಅಕ್ಷರ, ಅದರ ಹಿಂದೆ ವಿಚಿತ್ರ ಚಿಹ್ನೆಗಳು, ಪುಟದುದ್ದಕ್ಕೂ ಹೀಗೆಯೇ.

ಕನ್ನಡದಲ್ಲಿ ಬರೆಯುವ, ಕನ್ನಡದ ವೆಬ್‌ಸೈಟ್ ನಡೆಸುವ ಎಲ್ಲರೂ ಇದನ್ನು ತಿಳಿದಿರಬೇಕು, ಅದಕ್ಕಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಗ್ಲಿಷಿನ ಒಂದು ಅಕ್ಷರ ಯುಟಿಎಫ್-8 ಬರಹದಲ್ಲಿ ಒಂದು ಬೈಟ್. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ ಮೂರು ಬೈಟ್. ತುಂಬಿಸುವ ಪ್ರೋಗ್ರಾಮು ಬಂದದ್ದನ್ನು ಹಳೆಯ ಲ್ಯಾಟಿನ್ ಸಂಕೇತವೆಂದು ತಿಳಿದರೆ, ಆ ಮೂರು ಬೈಟುಗಳನ್ನು ಮೂರು ಬೇರೆ ಬೇರೆ ಯುರೋಪಿನ ಅಕ್ಷರಗಳೆಂದು ಓದುತ್ತದೆ. ಕನ್ನಡದ ಎಲ್ಲ ಅಕ್ಷರಗಳ ಮೊದಲ ಬೈಟ್ ಒಂದೇ. ಅದಕ್ಕೇ ಪುಟದ ತುಂಬ ಅದೇ ಗೆರೆ ಹೊತ್ತ ಅಕ್ಷರ ಮರಳಿ ಮರಳಿ ಕಾಣುವುದು. ಇದು ಯಾವ ಸಂಕೇತದಲ್ಲಿದೆ ಎಂದು ಹೇಳುವ ಒಂದು ಸಾಲನ್ನು ಡಂಪ್ ತಾನಾಗಿಯೇ ಫೈಲಿನ ತಲೆಯಲ್ಲಿ ಬರೆಯುತ್ತದೆ. ಫೈಲು ಚಿಕ್ಕದಾಗಲೆಂದು ಕಾಂಪ್ಯಾಕ್ಟ್ ಎಂಬ ಆಯ್ಕೆ ಹಾಕಿ ಆ ಸಾಲನ್ನು ನಾನೇ ಕತ್ತರಿಸಿದ್ದೆ.

ಅದೃಷ್ಟಕ್ಕೆ, ಫೈಲನ್ನು ಬರಿಯ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದಾಗ ಕನ್ನಡ ಸ್ವಚ್ಛವಾಗಿ ಕಂಡಿತು. ಕೆಟ್ಟಿದ್ದು ತುಂಬಿಸುವಾಗ, ಎತ್ತಿಡುವಾಗ ಅಲ್ಲ. ಸಂಕೇತ ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್-8ರ ಹೆಸರು) ಎಂದು ತಿಳಿಸಿ ಮತ್ತೆ ತುಂಬಿದೆ, ಅಕ್ಷರಗಳು ಬಂದವು. ಎತ್ತಿಡುವಾಗಲೇ ಲ್ಯಾಟಿನ್ನಿಗೆ ಬದಲಾಗಿದ್ದರೆ ಒಂದೊಂದು ಅಕ್ಷರದ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ ಕೂತಿರುತ್ತಿತ್ತು. ಚಿತ್ರವಿಚಿತ್ರ ಅಕ್ಷರ ಕಂಡರೆ ಆಸೆ ಇದೆ. ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ಏನೂ ಉಳಿದಿರುವುದಿಲ್ಲ, ಯಾವ ತಜ್ಞನೂ ಅದನ್ನು ಕನ್ನಡವಾಗಿಸಲಾರ.

ಮಾರ್ಚ್‌ವರೆಗಿನ ಪದಗಳು ಸಿಕ್ಕವು. ಆಮೇಲಿನ ಎಂಟು ತಿಂಗಳ 640 ಪದಗಳು ಇರಲಿಲ್ಲ.

ಮೇಷ್ಟ್ರ ಮನೆಗೆ ಹೋಗುವ ದಾರಿ ಆ ಸಂಜೆ ಉದ್ದವೆನಿಸಿತು. ಸರ್ವರ್ ಕೆಟ್ಟಿತು ಎಂದು ಹೇಳಬಹುದಿತ್ತು, ಅವರು ನಂಬುತ್ತಿದ್ದರು. ಹಾಗೆ ಹೇಳುವ ಆಸೆ ಬಾಗಿಲ ತನಕ ಜೊತೆಗೆ ಬಂತು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ಕೊನೆಗೆ ನಡೆದದ್ದನ್ನೇ ಹೇಳಿದೆ: ಅಳಿಸಿದವನು ನಾನು, ಪಾಸ್‌ವರ್ಡ್ ಮರೆತವನು ನಾನು, ನೋಟ್‌ಬುಕ್ ಬಿಡಿಸಿದವನೂ ನಾನು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಬೀರುವಿನಿಂದ ಜೂನ್‌ವರೆಗಿನ ನೋಟ್‌ಬುಕ್ ತಂದು ಕೈಗಿಟ್ಟು, “ಇದರಲ್ಲಿ ಎಷ್ಟಿದೆಯೋ ಮೊದಲು ಅಷ್ಟು ತಗೊಳ್ಳಪ್ಪ” ಎಂದರು.

ಅದರಿಂದ 300 ಪದ ಬಂದವು. ಸರ್ಚ್ ಎಂಜಿನ್ ತನ್ನಲ್ಲಿ ಇಟ್ಟುಕೊಂಡಿದ್ದ ಹಳೆಯ ಪ್ರತಿಗಳಲ್ಲಿ 70 ಪದಗಳ ಪುಟಗಳು ಸಿಕ್ಕವು, ಜೊತೆಗೆ ಪದಗಳ ಅಕಾರಾದಿ ಪಟ್ಟಿಯೂ ಸಿಕ್ಕಿತು. ಆ ಪಟ್ಟಿ ಹಿಡಿದು ಮೇಷ್ಟ್ರ ಜೊತೆ ಮತ್ತೆ ಊರೂರು ನಡೆದೆ. ಹೇಳಿದವರನ್ನೇ ಮತ್ತೆ ಕೇಳಿ 110 ಪದಗಳ ಅರ್ಥ ಬರೆದುಕೊಂಡೆವು. ಉಳಿದದ್ದು 160. ಅವುಗಳಲ್ಲಿ ಬಹುಪಾಲು ಒಬ್ಬ ಅಜ್ಜಿ ಹೇಳಿದ್ದು, ಬಿತ್ತನೆಯ ಹಾಡುಗಳೊಳಗಿನ ಮಾತುಗಳು. ಆಕೆ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಿದ್ದರು. ಪಟ್ಟಿಯಲ್ಲಿ ಪದವಿದೆ, ಎದುರಿಗೆ ಅರ್ಥವಿಲ್ಲ.

ಆಮೇಲೆ ಇಂಥ ಕಥೆಗಳನ್ನು ಹುಡುಕಿ ಓದಿದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ದೊಡ್ಡ ಕಂಪನಿಯ ಎಂಜಿನಿಯರೊಬ್ಬರು ಒಂದು ಸರ್ವರ್ ಎಂದುಕೊಂಡು ಇನ್ನೊಂದರ ಮೇಲೆ ಅಳಿಸುವ ಆಜ್ಞೆ ಓಡಿಸಿದರು. ಒಂದೆರಡು ಸೆಕೆಂಡಿನಲ್ಲಿ ನಿಲ್ಲಿಸಿದರೂ ಸುಮಾರು 300 ಗಿಗಾಬೈಟ್ ಹೋಗಿತ್ತು. ಬ್ಯಾಕಪ್ ಮತ್ತು ನಕಲಿಗೆ ಐದು ವಿಧಾನಗಳಿದ್ದವು, ನೆಚ್ಚಬಹುದಾದಂತೆ ಒಂದೂ ನಡೆಯುತ್ತಿರಲಿಲ್ಲ. ಡಂಪ್ ಪ್ರೋಗ್ರಾಮಿನ ಆವೃತ್ತಿ ಡೇಟಾಬೇಸಿಗೆ ಹೊಂದದೆ ಸುಮ್ಮನೆ ವಿಫಲವಾಗುತ್ತಿತ್ತು, ಎಚ್ಚರಿಕೆಯ ಇಮೇಲುಗಳು ತಲುಪುತ್ತಿರಲಿಲ್ಲ. ಅದೇ ಎಂಜಿನಿಯರ್ ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಮರಳಿಸುವ ಕೆಲಸವನ್ನು ಅವರು ಯೂಟ್ಯೂಬಿನಲ್ಲಿ ಎಲ್ಲರ ಮುಂದೆ ನೇರವಾಗಿ ತೋರಿಸಿದರು, ಎಲ್ಲಿ ತಪ್ಪಿದೆವೆಂದು ಮುಚ್ಚಿಡದೆ ಬರೆದರು. ಈ ಬರಹಕ್ಕೆ ನನಗೆ ಧೈರ್ಯ ಬಂದದ್ದು ಅಲ್ಲಿಂದ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಹೆಚ್ ಕಂಪನಿಯ ಡೇಟಾಸೆಂಟರ್ ಕಟ್ಟಡವೊಂದು ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅದೇ ತಾಣದಲ್ಲಿ ಇಟ್ಟಿದ್ದವರಿಗೆ ಎರಡೂ ಹೋದವು. ನನ್ನ ಮೂವತ್ತು ಫೈಲುಗಳೂ ಡೇಟಾಬೇಸ್ ಇದ್ದ ಡಿಸ್ಕಿನಲ್ಲೇ ಇದ್ದವು. ಅವು ತುಂಬಿದ್ದರೂ ಡಿಸ್ಕ್ ಕೆಟ್ಟ ದಿನ ಫಲ ಒಂದೇ.

ಪ್ರತಿಗಳನ್ನು ಬೇರೆ ಬೇರೆ ಕಡೆ ಇಡುವುದು ನಮ್ಮವರಿಗೆ ಹೊಸದಾಗಿ ಕಲಿಯಬೇಕಾದ ಪಾಠವೂ ಅಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಓಲೆಗರಿಯಲ್ಲಿ ಸಾವಿರ ಪ್ರತಿ ಬರೆಸಿ ಹಂಚಿದಳು. ಒಂದೇ ಭಂಡಾರದಲ್ಲಿ ಸಾವಿರ ಕಟ್ಟು ಪೇರಿಸಲಿಲ್ಲ, ಹಂಚಿದಳು. ಹಂಚಿದ್ದನ್ನು ಜನ ಬಿಚ್ಚಿ ಓದುತ್ತಿದ್ದರು, ಗರಿ ಮುರಿದರೆ ಓದುವವನಿಗೆ ಅಂದೇ ತಿಳಿಯುತ್ತಿತ್ತು. ಬಿಚ್ಚಿ ಓದುವವರು ಇರುವ ತನಕ ಪ್ರತಿ ಬದುಕಿರುತ್ತದೆ.

ಈಗ ನಾನು ಮಾಡುವುದನ್ನು ಹೇಳಿ ಮುಗಿಸುತ್ತೇನೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ: ಇದು ಈ ಕಸುಬಿನ ಹಳೆಯ ನಿಯಮ. ಒಂದು ಸರ್ವರಿನಲ್ಲಿ, ಇನ್ನೊಂದು ಬೇರೆ ನಗರದ ಬೇರೆ ಖಾತೆಯಲ್ಲಿ, ಮೂರನೆಯದು ಮನೆಯ ಹಾರ್ಡ್‌ಡಿಸ್ಕಿನಲ್ಲಿ. ಆ ಹಾರ್ಡ್‌ಡಿಸ್ಕನ್ನು ಕೆಲಸ ಮುಗಿದ ಮೇಲೆ ಕಿತ್ತಿಡುತ್ತೇನೆ. ಸರ್ವರಿನೊಳಗೆ ಯಾರಾದರೂ ಕಳ್ಳರು ನುಗ್ಗಿದರೂ ಅದಕ್ಕೆ ಕೈ ಹಾಕಲಾರರು. ದಿನದ ಪ್ರತಿಗಳು ಮೂವತ್ತು ದಿನ, ತಿಂಗಳ ಪ್ರತಿಗಳು ಎರಡು ವರ್ಷ ಇರುತ್ತವೆ. ಹಿಂದಿನ ದಿನಕ್ಕಿಂತ ಫೈಲು ಕುಗ್ಗಿದರೆ ಸ್ಕ್ರಿಪ್ಟ್ ಹಳೆಯದನ್ನು ಅಳಿಸುವುದನ್ನು ನಿಲ್ಲಿಸಿ ನನ್ನ ಫೋನಿಗೆ ಸಂದೇಶ ಕಳಿಸುತ್ತದೆ. ಸರಿಯಾಗಿ ಮುಗಿದರೂ ಒಂದು ಸಂದೇಶ ಬರುತ್ತದೆ, ಅದು ಬಾರದ ಬೆಳಗ್ಗೆ ಕಾಫಿಗೆ ಮೊದಲು ಹೋಗಿ ನೋಡುತ್ತೇನೆ. ಡಂಪ್ ತೆಗೆಯುವಾಗ ಜನ ಬರೆಯುತ್ತಿದ್ದರೂ ಒಂದೇ ಗಳಿಗೆಯ ಚಿತ್ರ ಸಿಗುವಂತೆ ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆ ಹಾಕುತ್ತೇನೆ. ಡೇಟಾಬೇಸಿನ ಬಳಕೆದಾರರ ಹೆಸರು, ಹಕ್ಕುಗಳನ್ನು ಬೇರೆಯಾಗಿ ಎತ್ತಿಡುತ್ತೇನೆ. ಬೈನರಿ ಲಾಗ್ ಹಚ್ಚಿದ್ದೇನೆ. ಏನನ್ನೇ ಅಳಿಸುವ ಮುಂಚೆ ಹೆಸರು ಬದಲಿಸಿ ಒಂದು ವಾರ ಬಿಡುತ್ತೇನೆ. ಜನ ಬಳಸುವ ಸರ್ವರಿನ ಕಿಟಕಿ ಈಗ ಕೆಂಪು ಬಣ್ಣದ್ದು. ಮರಳಿಸುವ ಹೆಜ್ಜೆಗಳನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೇನೆ, ನಡುಗುವ ಕೈಗೆ ನೆನಪಿನ ಶಕ್ತಿ ಕಡಿಮೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ತಿಂಗಳಿಗೊಂದು ಸಲದ ಕೆಲಸ. ಅಮಾವಾಸ್ಯೆಯ ಮಾರನೆಯ ದಿನ ಮೇಷ್ಟ್ರು ನಮ್ಮ ಮನೆಗೆ ಬರುತ್ತಾರೆ. ಹಳೆಯ ಲ್ಯಾಪ್‌ಟಾಪೊಂದನ್ನು ಪೂರ್ತಿ ಖಾಲಿ ಮಾಡಿ, ಬೇರೆ ಊರಿನ ಪ್ರತಿಯನ್ನು ಇಳಿಸಿ, ಡೇಟಾಬೇಸನ್ನು ಸೊನ್ನೆಯಿಂದ ಎಬ್ಬಿಸುತ್ತೇನೆ. ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡುತ್ತೇನೆ. ಪದಗಳ ಎಣಿಕೆ ಸರ್ವರಿನ ಎಣಿಕೆಗೆ ಹೊಂದುತ್ತದೆಯೇ ನೋಡುತ್ತೇನೆ. ಎಣಿಕೆ ಹೊಂದಿದ ಮಾತ್ರಕ್ಕೆ ಅಕ್ಷರ ಸರಿಯಿದೆ ಎಂದಾಗದು. ಹಾಗಾಗಿ ಮೇಷ್ಟ್ರು ತಮಗೆ ತೋಚಿದ ಹತ್ತು ಪದ ಹೇಳುತ್ತಾರೆ, ನಾನು ತೆರೆದು ತೋರಿಸುತ್ತೇನೆ, ಅವರು ಗಟ್ಟಿಯಾಗಿ ಓದುತ್ತಾರೆ. ಒತ್ತಕ್ಷರ, ದೀರ್ಘ, ಅನುಸ್ವಾರ ಎಲ್ಲ ನೆಟ್ಟಗಿವೆ ಎಂದು ಅವರು ತಲೆಯಾಡಿಸಿದ ಮೇಲೆಯೇ ಆ ತಿಂಗಳಿಗೆ ಬ್ಯಾಕಪ್ ಇದೆ ಎಂದು ಬರೆದುಕೊಳ್ಳುತ್ತೇನೆ. ಅವರು ನೋಟ್‌ಬುಕ್ ಬರೆಯುವುದನ್ನು ಮತ್ತೆ ಶುರುಮಾಡಿದ್ದಾರೆ. ನಿಲ್ಲಿಸಿ ಎಂದು ನಾನಿನ್ನು ಯಾವತ್ತೂ ಹೇಳುವುದಿಲ್ಲ.

ಅರ್ಥ ಕಳೆದುಕೊಂಡ ಪದಗಳನ್ನು ಪಟ್ಟಿಯಿಂದ ತೆಗೆದಿಲ್ಲ. ಒಂದೊಂದರ ಎದುರಿಗೂ, ಇದರ ಅರ್ಥ ದಾಖಲಾಗಿತ್ತು, ಈ ತಾಣ ನೋಡಿಕೊಳ್ಳುವವನ ತಪ್ಪಿನಿಂದ ಅಳಿಯಿತು, ತಿಳಿದವರು ಹೇಳಿ ಎಂದು ಬರೆದಿದ್ದೇನೆ. ಈವರೆಗೆ ಹನ್ನೊಂದು ಪದಗಳಿಗೆ ಅರ್ಥ ಮರಳಿ ಬಂದಿದೆ. ಇನ್ನೂ 149 ಇವೆ. ಪ್ರತಿ ತಿಂಗಳು ಮೇಷ್ಟ್ರು ಕೇಳುವ ಹತ್ತು ಪದಗಳಲ್ಲಿ ಒಂದು ಆ 149ರೊಳಗಿನದಾಗಿರುತ್ತದೆ. ಅವರು ಪದವನ್ನು ಓದುತ್ತಾರೆ. ಕೆಳಗಿನ ಖಾಲಿ ಜಾಗದ ಸಾಲನ್ನು ನಾನು ಓದುತ್ತೇನೆ.